ದೋಣಿಯಲ್ಲಿ ಮಲಗಿದವರು

ಮಾರ್ಲಿಸ್ ವಾಂಡರ್‌ಲೂಪಳ ಮೇಜಿಗೆ ಯಾರೂ ಗೈರುಹಾಜರಾಗುತ್ತಿರಲಿಲ್ಲ, ಮಲಗುತ್ತಿದ್ದರು. ಶನಿವಾರ ಮಧ್ಯಾಹ್ನ ಸರೋವರದ ದಂಡೆಯ ಶೆಬಾಯ್ಗನ್ ಊರಿನ ಲುಥೆರನ್ ಚರ್ಚಿನ ನೆಲಮಾಳಿಗೆಯಲ್ಲಿ ಆಟ ಶುರುವಾಗುವ ಹೊತ್ತಿಗೆ ಯಾವುದಾದರೂ ಕುರ್ಚಿ ಖಾಲಿ ಕಂಡರೆ ಅವಳು ಅದರ ಕಡೆ ಗದ್ದ ಎತ್ತಿ, "ಅವನು ದೋಣೀಲಿ ಮಲಗಿದಾನೆ" ಅನ್ನುವಳು. ಅಲ್ಲಿಗೆ ಆ ವಿಷಯ ಮುಗಿಯಿತು. ಮಲಗಿದವನಿಗೆ ಬಾಣ ತಾಗುವುದಿಲ್ಲ, ಜ್ವರ ಬರುವುದಿಲ್ಲ, ಹಸಿವಾಗುವುದಿಲ್ಲ. ಉಳಿದವರು ಗಳಿಸಿದ್ದರಲ್ಲಿ ಅವನ ಪಾಲನ್ನು ತೆಗೆದಿಡುತ್ತಾರೆ. ಮುಂದಿನ ವಾರವೋ ಮುಂದಿನ ವರ್ಷವೋ ಬಂದು, ಕುರ್ಚಿ ಎಳೆದುಕೊಂಡು ಕೂತು, "ನನ್ನ ಪಾಲೆಷ್ಟು?" ಎಂದು ಕೇಳಿದರೆ ಎಚ್ಚರವಾದ ಹಾಗೆ. ಹೇಗಿದ್ದೀಯ, ಎಲ್ಲಿ ಹೋಗಿದ್ದೆ ಎಂಬ ಉಪಚಾರವೆಲ್ಲ ಆಮೇಲಿನ ಮಾತು.

ಆಟದ ಹೆಸರು 'ಒಂಬತ್ತು ಕಡವು', ಕಡವು ಎಂದರೆ ಹೊಳೆ ದಾಟುವ ಜಾಗ. ಮೇಜಿನ ಸುತ್ತ ಕೂತವರು ತಲಾ ಒಂದು ಪಾತ್ರ ಕಟ್ಟಿಕೊಂಡು ಬಾಯಿಮಾತಿನಲ್ಲೇ ಹೊಳೆಯ ಮೇಲೆ ಊರೂರು ಅಲೆಯುತ್ತಾರೆ. ಹಾರಿದವನು ದಡ ಸೇರಿದನೋ ನೀರು ಪಾಲಾದನೋ ಎಂಬ ಸಂಶಯ ಬಂದಲ್ಲಿ ದಾಳ ಹೇಳಿದ್ದೇ ತೀರ್ಪು. ಹೊಳೆ, ಗಾಳಿ, ಕಳ್ಳರು, ಸುಂಕದವರು, ದೆವ್ವಗಳು ಎಲ್ಲವನ್ನೂ ಒಬ್ಬರೇ ಆಡಿಸಬೇಕು. ಅವರಿಗೆ ಅಂಬಿಗ ಎಂದು ಹೆಸರು. ಅಂಬಿಗ ಬಿರುಗಾಳಿ ಎಬ್ಬಿಸಬಹುದು, ರಾಜನನ್ನು ಸಾಯಿಸಬಹುದು. ಆದರೆ ಆಟಗಾರರಿಗೆ 'ಹೀಗೆ ಮಾಡಿ' ಎಂದು ಮಾತ್ರ ಹೇಳುವಂತಿಲ್ಲ. ಬಾಯಿ ತುರಿಸಿದರೂ ತುಟಿ ಕಚ್ಚಿಕೊಂಡು ಕೂರಬೇಕು. ಮಾರ್ಲಿಸಳಂಥ ಬಾಯಾಳಿಗೆ ಇದು ಎಂಥ ಶಿಕ್ಷೆ ಎಂಬುದು ಅವಳ ಶಾಲಾ ಬಸ್ಸಿನಲ್ಲಿ ಕೂತು ಬಂದವರಿಗೆಲ್ಲ ಗೊತ್ತು.

ಹೌದು, ಬಸ್ಸು. ಊರಿನ ಅರ್ಧ ಜನ ಅವಳ ಬಸ್ಸಿನಲ್ಲಿ ಶಾಲೆಗೆ ಹೋದವರೇ. ಆಳೆತ್ತರದ ಹೆಂಗಸು, ಗಂಡಸಿನ ಭುಜ, ಹಿಂದಿನ ಸೀಟಿನವರೆಗೆ ಮೈಕಿಲ್ಲದೆ ಮುಟ್ಟುವ ದನಿ. ಹಿಮ ಬೀಳಲಿ, ಸರೋವರದ ಗಾಳಿ ಬಸ್ಸನ್ನೇ ಅಲ್ಲಾಡಿಸಲಿ, ಮಕ್ಕಳು ಗಂಟೆಗೆ ಸರಿಯಾಗಿ ಶಾಲೆ ಬಾಗಿಲಲ್ಲಿ ಇಳಿಯುತ್ತಿದ್ದರು. ಮದುವೆಯಾಗಲಿಲ್ಲ. ಕೇಳಿದವರಿಗೆ, "ದಿನಾ ಬೆಳಗ್ಗೆ ಐವತ್ತು ಜನರನ್ನ ಎಬ್ಬಿಸೋಳು ನಾನು, ಮನೇಲೂ ಒಬ್ಬನ್ನ ಎಬ್ಬಿಸ್ಲಾ?" ಅನ್ನುತ್ತಿದ್ದಳು. ಅದು ತಮಾಷೆಯ ಉತ್ತರ. ನಿಜವಾದ ಉತ್ತರ ಏನೆಂದರೆ, ಶನಿವಾರದ ಮೇಜೇ ಅವಳ ಸಂಸಾರ. ಅವಳೂ ಅದನ್ನು ಮುಚ್ಚಿಟ್ಟವಳಲ್ಲ.

ಆ ಸಂಸಾರ ಶುರುವಾದದ್ದೂ ಬಸ್ಸಿನಲ್ಲೇ. ಎಂಬತ್ತರ ದಶಕದ ಒಂದು ಸಂಜೆ ಸೀಟಿನ ಕೆಳಗೆ ಒಂದು ಪೆಟ್ಟಿಗೆ ಸಿಕ್ಕಿತು. ಮೇಲೆ ದೋಣಿಯ ಚಿತ್ರ, ಒಳಗೆ ಸಣ್ಣಕ್ಷರದ ಪುಸ್ತಕ ಮತ್ತು ದಾಳಗಳು. ಮರುದಿನ ಅದನ್ನು ಕೇಳಿಕೊಂಡು ಬಂದವನು ಗಾರ್ಡಿ ಟೆಸ್ಕಿ. ಶಾಲೆಯ ಕೊನೆಯ ವರ್ಷದಲ್ಲಿದ್ದ, ಕೆನ್ನೆ ತುಂಬ ಮೊಡವೆ, ಅಪ್ಪನದು ಹಸು ಕಟ್ಟಿದ ಮನೆ. ಮಾರ್ಲಿಸ್ ಅಷ್ಟರಲ್ಲಿ ಇಡೀ ಪುಸ್ತಕ ಓದಿ ಮುಗಿಸಿದ್ದಳು. ಪೆಟ್ಟಿಗೆಯನ್ನು ಅವನ ಕೈಗೆ ಕೊಡದೆ, "ಈ ಮೂರನೇ ಕಡವಿನ ದೆವ್ವಕ್ಕೆ ಈಜು ಬರತ್ತಾ ಇಲ್ವಾ? ಅದನ್ನೇ ಬರೆದಿಲ್ವಲ್ಲೋ" ಎಂದಳು. ಗಾರ್ಡಿ ಬಾಯಿ ಬಿಟ್ಟ. ಅಷ್ಟು ದಿನ ಒಬ್ಬನೇ ಕೂತು ಎಡಗೈ ಬಲಗೈ ಎರಡೂ ಆಡಿಸುತ್ತಿದ್ದವನು ಅವನು. ಅವತ್ತಿನಿಂದ ಅವಳು ಅಂಬಿಗ, ಅವನು ಸನ್ಯಾಸಿ ಉಲ್ಮ್. ಒಂದು ಕಾಲು ಕುಂಟು, ಬಿಯರಿನ ಚಪಲ, ಸುಳ್ಳು ಹೇಳುವುದರಲ್ಲಿ ಎತ್ತಿದ ಕೈ. ಇದು ಉಲ್ಮನ ವರ್ಣನೆ, ಗಾರ್ಡಿಯದಲ್ಲ. ಗಾರ್ಡಿ ಬೆಳೆದು ಚೀಸ್ ಕಾರ್ಖಾನೆಗೆ ಹಾಲಿನ ಟ್ಯಾಂಕರ್ ಹೊಡೆಯತೊಡಗಿದ, ಸುಳ್ಳು ಹೇಳಲು ಬಾರದ ಸಾಧು ಪ್ರಾಣಿ.

ದೋಣಿಯಲ್ಲಿ ಮಲಗುವ ಪದ್ಧತಿ ಬಂದದ್ದು ಅವನಿಂದಲೇ. ಆಟ ಶುರುವಾಗಿ ಮೇಜಿಗೆ ಇನ್ನೂ ನಾಲ್ಕಾರು ಜನ ಸೇರಿದ್ದ ಮೂರನೇ ಚಳಿಗಾಲದಲ್ಲಿ ಅವನ ಅಪ್ಪ ಎಲ್ಮರ್ ಕೊಟ್ಟಿಗೆಯಲ್ಲೇ ಎದೆ ಹಿಡಿದುಕೊಂಡು ಬಿದ್ದು ತೀರಿಕೊಂಡ. ಆ ಶನಿವಾರ ಗಾರ್ಡಿಯ ಕುರ್ಚಿ ಖಾಲಿ. ಕಥೆಯಲ್ಲಿ ನೋಡಿದರೆ ಉಲ್ಮ್ ಕಳ್ಳರ ಗುಹೆಯ ಬಾಯಲ್ಲಿ ನಿಂತಿದ್ದ. ಏನು ಮಾಡುವುದು? ಪುಸ್ತಕದಲ್ಲಿ ಒಂದಕ್ಷರ ಇಲ್ಲ. ಮಾರ್ಲಿಸ್ ಖಾಲಿ ಕುರ್ಚಿಯನ್ನೇ ನೋಡುತ್ತ ಕೂತು, ಕೊನೆಗೆ, "ಸುಸ್ತಾಗಿದಾನೆ ಪಾಪ. ದೋಣೀಲಿ ಮಲಗಿದಾನೆ. ಎಬ್ಬಿಸ್ಬೇಡಿ" ಎಂದಳು. ಹದಿನೈದು ದಿನ ಬಿಟ್ಟು ಗಾರ್ಡಿ ಬಂದ. ಕಣ್ಣು ಊದಿಕೊಂಡಿತ್ತು. ಮಾರ್ಲಿಸ್ ಅವನ ಮುಂದೆ ಉಲ್ಮನ ಪಾಲಿನ ಕಳ್ಳರ ಹೊನ್ನನ್ನು ದೂಡಿದಳು, ನಿಜಕ್ಕೆ ಹೇಳಿದರೆ ಒಂದು ಮುಷ್ಟಿ ಅಂಗಿ ಗುಂಡಿ. ಅವನು ಮೂಗು ಒರೆಸಿಕೊಂಡು, "ಇಷ್ಟೇನಾ ನನ್ನ ಪಾಲು?" ಎಂದ. ಎಲ್ಲರೂ ನಕ್ಕರು. ಪದ್ಧತಿ ಬೇರೂರಿಬಿಟ್ಟಿತು.

ಆಮೇಲೆ ಮಲಗದವರೇ ಇಲ್ಲ. ಹೆರಿಗೆಗೆ ಮಲಗಿದರು, ಸೈನ್ಯಕ್ಕೆ ಹೋದವರು ಮಲಗಿದರು. ನವೆಂಬರ್ ಕೊನೆಯ ಜಿಂಕೆ ಬೇಟೆಯ ವಾರದಲ್ಲಂತೂ ಇಡೀ ದೋಣಿ ಗೊರಕೆ ಹೊಡೆಯುತ್ತಿತ್ತು, ಮಾರ್ಲಿಸ್ ಒಬ್ಬಳೇ ಕಾಫಿ ಡ್ರಮ್ಮಿನ ಪಕ್ಕ ಕೂತು ಹೊಳೆ ಕಾಯುತ್ತಿದ್ದಳು. ದಂತವೈದ್ಯರ ಕ್ಲಿನಿಕ್ಕಿನಲ್ಲಿ ಫೋನೆತ್ತುವ ಲವಾನ್ ಡೀಟ್ಸ್ ಎದೆಯ ಕ್ಯಾನ್ಸರ್ ಆಪರೇಷನ್ನಿಗೆ ಹೋದಾಗ ಒಂದು ವರ್ಷ ಮಲಗಿದ್ದಳು. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ವಾಪಸು ಬಂದವಳು ಮೊದಲು ಕೇಳಿದ್ದು ತನ್ನ ಪಾಲನ್ನೇ.

ಇನ್ನು ಕಂಪನಿಗಳ ಕಥೆ. ಅದನ್ನು ಉದ್ದಕ್ಕೆ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. 'ಒಂಬತ್ತು ಕಡವು' ಅಚ್ಚು ಹಾಕುತ್ತಿದ್ದ ಹಳೆಯ ಪ್ರಕಾಶನ ಸಂಸ್ಥೆ ಬಾಗಿಲು ಹಾಕಿತು. ಹೋಗುವಾಗ ಅದರ ಮುದಿ ಮಾಲೀಕ ಎರಡು ಕೆಲಸ ಮಾಡಿದ. ಆಟದ ನಿಯಮಗಳನ್ನು ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಧಾರಾಳವಾಗಿ ಬಿಟ್ಟುಕೊಟ್ಟ. ಹೆಸರನ್ನೂ ದೋಣಿಯ ಚಿತ್ರವನ್ನೂ ಮಾತ್ರ ಪಶ್ಚಿಮ ತೀರದ ಮೆರಿಡೆಲ್ ಎಂಬ ದೊಡ್ಡ ಕಂಪನಿಗೆ ಮಾರಿದ. ಅಪ್ಪ ಮನೆಯನ್ನು ಒಬ್ಬ ಮಗನಿಗೂ ಮನೆದೇವರನ್ನು ಇನ್ನೊಬ್ಬನಿಗೂ ಕೊಟ್ಟು ಕಣ್ಣು ಮುಚ್ಚಿದರೆ ಏನಾಗುತ್ತದೋ ಅದೇ ಆಯಿತು, ದಾಯಾದಿ ಜಗಳ. ಮೆರಿಡೆಲ್‌ನವರು ಹೆಸರಿಟ್ಟುಕೊಂಡು, ನಿಯಮಗಳನ್ನೆಲ್ಲ ಹೊಸದಾಗಿ ಬರೆದು, ಬಣ್ಣಬಣ್ಣದ 'ಒಂಬತ್ತು ಕಡವು, ಹೊಸ ಆವೃತ್ತಿ' ತಂದರು. ಹಳೆಯ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ರಾಲಿ ಯೂರ್ಗೆನ್ಸ್ ಎಂಬವನು ಕ್ರೂಕೆಡ್ ಓರ್ ಎಂಬ ಸಣ್ಣ ಪ್ರೆಸ್ಸು ಕಟ್ಟಿ, ಹಳೆಯ ನಿಯಮಗಳನ್ನೇ ತೊಳೆದು ಒರೆಸಿ 'ಹಳೆಯ ಹೊಳೆ' ಎಂಬ ಹೆಸರಲ್ಲಿ ತಂದ. ನಾವೇ ನಿಜವಾದ ವಾರಸುದಾರರು ಎಂದು ಇವರು, ನಾವೇ ಎಂದು ಅವರು. ಆಡುವವರೂ ಎರಡು ಪಾಳಯವಾದರು. ಸ್ವಂತ ಮನೆ ಒಡೆದದ್ದಕ್ಕೂ ಜನ ಇಷ್ಟು ಅತ್ತಿರಲಿಕ್ಕಿಲ್ಲ.

ಇಬ್ಬರಿಗೂ ಮಾರ್ಲಿಸಳ ಮೇಜು ಬೇಕಾಗಿತ್ತು. ಅಷ್ಟು ವರ್ಷ ಬಿಡದೆ ನಡೆದ ಮೇಜು ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಅವಳು ಯಾವ ಪುಸ್ತಕ ಹಿಡಿಯುತ್ತಾಳೋ ಅದನ್ನು ನೋಡಿ ಹಿಡಿಯುವವರು ಬಹಳ ಮಂದಿ. ರಾಲಿ ಬಂದವನು ಅವಳ ಹತ್ತಿರ ಕಾಫಿ ಕುಡಿದು, ಗಾರ್ಡಿಯ ಹತ್ತಿರ, "ಒಂದು ಕಥಾಪುಸ್ತಕ ಬರ್ಕೊಡು, ನಿನ್ನ ಹೆಸರಲ್ಲೇ ಹಾಕ್ತೀನಿ" ಎಂದ. ಹಾಲಿನ ಟ್ಯಾಂಕರ್ ಹೊಡೆಯುತ್ತ ತಲೆಯಲ್ಲೇ ನೂರು ಕಥೆ ಕಟ್ಟಿದವನಿಗೆ ಯಾರೂ ಅವತ್ತಿನವರೆಗೆ ಹಾಗೆ ಕೇಳಿರಲಿಲ್ಲ. ಮೆರಿಡೆಲ್‌ನವರು ಮಾರ್ಲಿಸಳಿಗೆ ಫೋನು ಮಾಡಿ, ಬೇಸಿಗೆಯಲ್ಲಿ ಮಿಲ್ವಾಕಿಯ ಆಟದ ಮೇಳದಲ್ಲಿ ಎಲ್ಲರೂ ಸುತ್ತ ನಿಂತು ನೋಡುವ ನಡುಮೇಜಿಗೆ ನೀವೇ ಅಂಬಿಗರು ಎಂದರು.

ಮಾರ್ಲಿಸ್ ಹೊಸ ಆವೃತ್ತಿ ಹಿಡಿದಳು. ಕಾರಣ ಮಿಲ್ವಾಕಿಯೊಂದೇ ಅಲ್ಲ, ಜೋಲೀನ್ ಪ್ರುಸ್ಟ್ ಕೂಡ. ಬೇಕರಿಯಲ್ಲಿ ಬೆಳಗಿನ ಜಾವ ಗಟ್ಟಿ ಬನ್ನು ಸುಡುವ ಇಪ್ಪತ್ತರ ಹರೆಯದ ಹುಡುಗಿ, ಒಂದು ಕಾಲಕ್ಕೆ ಮಾರ್ಲಿಸಳ ಬಸ್ಸಿನವಳೇ. ತಾನೇ ಕೊಂಡ ಹೊಸ ಪುಸ್ತಕವನ್ನು ಎದೆಗವಚಿಕೊಂಡು ಬಂದು, "ಮಿಸ್ ಮಾರ್ಲಿಸ್, ನಾನೂ ಕೂರಬಹುದಾ?" ಎಂದು ಕೇಳಿದ್ದಳು. ಹೊಸಬರು ಹಾಗೆ ಕೇಳಿ ಎಷ್ಟು ವರ್ಷವಾಗಿತ್ತೋ! ಮೇಜಿನಲ್ಲಿ ಉಳಿದಿದ್ದವರು ಗಾರ್ಡಿ, ಲವಾನ್ ಮತ್ತು ಔಷಧಿ ಅಂಗಡಿಯ ಮಾಯ್ ಸೀ ಥಾವ್, ಮೂರೇ ಜನ. ಇನ್ನೊಂದು ಸಾವಾದರೆ ಇಸ್ಪೀಟಾಡಲಿಕ್ಕೂ ಕೈ ಸಾಲದು ಎಂದು ಮಾರ್ಲಿಸ್ ಒಳಗೊಳಗೇ ಹೆದರಿದ್ದಳು.

ಜೋಲೀನ್ ಮೊದಲ ಸಲ ಮೇಜಿಗೆ ಬರಬೇಕಿದ್ದ ಅಕ್ಟೋಬರಿನ ಶನಿವಾರ, ಅವಳಿನ್ನೂ ಬೇಕರಿಯಿಂದ ಬರುವ ಮುಂಚೆ, ಜಗಳ ಹತ್ತಿಕೊಂಡಿತು.

"ಹೆಸರು ದುಡ್ಡು ಕೊಟ್ಟು ತಗೊಂಡೋರು ಮನೆಯೋರಾಗ್ಬಿಡ್ತಾರಾ?" ಎಂದ ಗಾರ್ಡಿ.

"ಹೆಸರಿನ ಮಾತು ಬಿಡೋ ಮಾರಾಯ. ನಿನ್ನ ಹಳೆಯ ಹೊಳೇನ ಆ ಹುಡುಗಿ ಕೈಗೆ ಕೊಟ್ಟೆ. ಮೂರು ಪುಟ ಓದೋಷ್ಟರಲ್ಲಿ ತಲೆ ಹಿಡ್ಕೊಂಡ್ಳು."

"ನೀನು ಓದ್ಲಿಲ್ವಾ? ಸ್ಟಿಯರಿಂಗ್ ಮೇಲೆ ಇಟ್ಕೊಂಡು ಓದಿದ್ಯಲ್ಲ."

"ಆಗ ನನಗೆ ಇಪ್ಪತ್ನಾಲ್ಕು ಕಣೋ. ಮಾಡೋಕೆ ಬೇರೆ ಕೆಲ್ಸ ಇರ್ಲಿಲ್ಲ. ಈಗಿನೋರಿಗೆ ಬಾಗ್ಲು ಸ್ವಲ್ಪ ಅಗಲ ಇರಬೇಕು."

"ಬಾಗ್ಲು ಅಗಲ ಮಾಡ್ತೀವಿ ಅಂತ ಮನೇನೇ ಕೆಡವಿದಾರೆ. ದೋಣೀಲಿ ಯಾರ ತೂಕ ಎಷ್ಟು ಅಂತ ಲೆಕ್ಕ ಹಾಕ್ಬೇಕಂತೆ! ಇದು ಆಟಾನೋ, ಲಾರಿ ತೂಗೋ ಕಟ್ಟೆನೋ?"

"ನಾನು ಹಿಡಿದ ಮೇಲೆ ಅಕ್ಷರ ಬಿಡದೆ ಆಡಿಸ್ತೀನಿ. ನೋಡ್ತಿರು."

ಗಾರ್ಡಿ ಎದ್ದು ನಿಂತ. ಸಿಟ್ಟು ಬಂದಾಗ ಮಾತ್ರ ಅವನ ಬಾಯಲ್ಲಿ ಶಾಲೆಯ ಕಾಲದ ಮರ್ಯಾದೆ ಬರುತ್ತಿತ್ತು. "ಮಿಸ್ ಮಾರ್ಲಿಸ್, ನಿಮಗೆ ಮಿಲ್ವಾಕೀಲಿ ದೊಡ್ಡ ಮೇಜು ಬೇಕು. ಅಷ್ಟು ನೇರವಾಗಿ ಹೇಳ್ಬಿಡಿ."

"ಗಾರ್ಡನ್ ಟೆಸ್ಕಿ, ನಿನಗೆ ಪುಸ್ತಕದ ಮೇಲೆ ನಿನ್ನ ಹೆಸರು ನೋಡ್ಕೋಬೇಕು. ಅದನ್ನ ನೀನು ಹೇಳು!"

ಎರಡೂ ನಿಜವೇ. ನಿಜವಾದದ್ದರಿಂದಲೇ ಚುಚ್ಚಿತು. ಗಾರ್ಡಿ ದಾಳಗಳನ್ನು ಜೇಬಿಗೆ ಸುರಿದುಕೊಂಡು, ಮೇಜಿನ ಮೇಲಿದ್ದ ಟೋಪಿಯನ್ನು ಮರೆತು, ಮೆಟ್ಟಿಲು ಹತ್ತಿ ಹೋದ. ಟೋಪಿಗೂ ವಾಪಸು ಬರಲಿಲ್ಲ. ಮುಂದಿನ ಶನಿವಾರ ಅವನ ಕುರ್ಚಿ ಖಾಲಿ. ಎಲ್ಲರೂ ಮಾರ್ಲಿಸಳ ಮುಖ ನೋಡಿದರು. ಉಲ್ಮ್ ನೀರಿಗೆ ಬಿದ್ದು ಸತ್ತ ಎನ್ನಲು ಅವಳಿಗೆ ಒಂದು ಉಸಿರು ಸಾಕಿತ್ತು. ಆ ಉಸಿರು ಅವಳ ಗಂಟಲವರೆಗೆ ಬಂದದ್ದೂ ಹೌದು. ಅವಳು ಬಾಯಿ ತೆರೆಯುವುದರೊಳಗೆ ಲವಾನ್, "ದೋಣೀಲಿ ಮಲಗಿದಾನೆ" ಎಂದು ಹೇಳಿ ಬನ್ನಿಗೆ ಬೆಣ್ಣೆ ಸವರತೊಡಗಿದಳು. ಮಾರ್ಲಿಸ್ ಆ ದಿನ ಮೇಜು ಒರೆಸಿ ಎದ್ದು ಹೋಗುವಾಗ ಟೋಪಿಯನ್ನು ಅವನ ಕುರ್ಚಿಯ ಬೆನ್ನಿಗೆ ತಗುಲಿಹಾಕಿದಳು.

ಗಾರ್ಡಿ ಮಂಗಳವಾರಗಳಂದು ದಕ್ಷಿಣದ ಕಡೆಯ ಬಾರೊಂದರಲ್ಲಿ 'ಹಳೆಯ ಹೊಳೆ'ಗೆ ಅಂಬಿಗನಾಗಿ ಬೇರೆ ಮೇಜು ಹಾಕಿದ. ಮಾಯ್ ಸೀ ಅಲ್ಲಿಗೂ ಹೋಗುತ್ತಿದ್ದಳು, ಇಲ್ಲಿಗೂ ಬರುತ್ತಿದ್ದಳು. ಅವಳನ್ನು ಕೇಳಿ ಪ್ರಯೋಜನವಿರಲಿಲ್ಲ. ಒಂದು ದೋಣಿಯ ಸುದ್ದಿಯನ್ನು ಇನ್ನೊಂದು ದೋಣಿಯಲ್ಲಿ ಆಡಬಾರದೆಂಬುದು ಈ ಜನರ ಕಟ್ಟುಪಾಡು, ಅದನ್ನು ಮುರಿದವರನ್ನು ಮತ್ತೆ ಯಾರೂ ಮೇಜಿಗೆ ಸೇರಿಸುವುದಿಲ್ಲ. "ಅವನು ಹೇಗಿದಾನೆ?" ಎಂದು ಮಾರ್ಲಿಸ್ ಒಮ್ಮೆ ಕಾಫಿ ಡ್ರಮ್ಮು ತೊಳೆಯುತ್ತ ಕೇಳಿದಳು. "ಮಂಡಿನೋವು. ನಿಮ್ಮ ಬಗ್ಗೆ ಕೇಳ್ದ" ಎಂದಳು ಮಾಯ್ ಸೀ. "ಏನಂತ?" "ಅವಳು ಹೇಗಿದಾಳೆ ಅಂತ." ಮಾರ್ಲಿಸ್ ಡ್ರಮ್ಮನ್ನು ಇನ್ನೊಂದು ಸಲ ತೊಳೆದಳು. ಅವನು ಬರಬೇಕು, ಬಂದು ಆ ಕುರ್ಚಿಯಲ್ಲಿ ಕೂರಬೇಕು, ಅವಳಿಗೆ ಬೇಕಾಗಿದ್ದದ್ದು ಇಷ್ಟೇ. ಕರೆಯಲು ಮಾತ್ರ ನಾಲಿಗೆ ಏಳುತ್ತಿರಲಿಲ್ಲ.

ಜನವರಿಯಲ್ಲಿ ಮೆರಿಡೆಲ್ ಕಂಪನಿಯಿಂದ ಪ್ರೆಂಟಿಸ್ ಎಂಬವನು ಅವಳ ಮೇಜು ನೋಡಲು ಬಂದ. ಈ ಚಳಿಗೆ ಸಾಲದ ಕೋಟು, ಒಳ್ಳೆಯ ಹಲ್ಲು, ಒಳ್ಳೆಯ ಮಾತು. ಗೋಡೆಯ ಬದಿಯ ಮಡಚು ಕುರ್ಚಿಯಲ್ಲಿ ಬನ್ನು ತಿನ್ನುತ್ತ ಕೂತ.

ಅವತ್ತು ದೋಣಿಯಲ್ಲಿ ಬೆಳ್ಳಿ ಗಂಟೆ ಇತ್ತು. ಹೊಳೆಯಲ್ಲಿ ಮುಳುಗಿದ ಗುಡಿಯೊಂದರ ಗಂಟೆ. ಅದು ಎಲ್ಲಿದೆಯೆಂದು ಪತ್ತೆ ಹಚ್ಚಿದವನು ಉಲ್ಮನೇ, ಜಗಳಕ್ಕೆ ಮುಂಚೆ. ಅದನ್ನು ತನ್ನ ಊರಿಗೆ ಒಯ್ದು ಕಟ್ಟುತ್ತೇನೆಂದು ಲವಾನಳ ಪಾತ್ರ ಹರಕೆ ಹೊತ್ತಿತ್ತು. ಇಡೀ ಶರತ್ಕಾಲ ಅದರ ಹಿಂದೆಯೇ ಹೋಗಿತ್ತು. ಈಗ ಸುಂಕದವರ ಉದ್ದ ದೋಣಿ ಬೆನ್ನಟ್ಟಿ ಬರುತ್ತಿತ್ತು, ಮುಂದೆ ಆಳವಿಲ್ಲದ ಕಡವು.

ಜೋಲೀನ್ ಪುಸ್ತಕ ತೆರೆದು ಬೆರಳಿಟ್ಟು ಓದಿದಳು. "ದೋಣೀಲಿರೋ ಪ್ರತಿ ದೇಹವೂ ಭಾರವೇ ಅಂತಿದೆ, ಮಿಸ್ ಮಾರ್ಲಿಸ್. ಭಾರ ಮಿತಿ ದಾಟಿದೆ. ಹೀಗೇ ಹೋದ್ರೆ ತಳ ತಾಗತ್ತೆ, ಸಿಕ್ಕಿಬೀಳ್ತೀವಿ." ಆಮೇಲೆ ತಲೆಯೆತ್ತಿ, ಯಾವ ಕೆಟ್ಟತನವೂ ಇಲ್ಲದೆ ಹೇಳಿದಳು: "ಈ ಸನ್ಯಾಸೀನ ಇಳಿಸಿಬಿಟ್ರೆ ಸರಿಹೋಗತ್ತೆ. ನಾನು ಬಂದಾಗಿಂದ ಅವನು ಮಲಗೇ ಇದಾನೆ. ಆಡೋರು ಯಾರೂ ಇಲ್ವಲ್ಲ?"

ಮಾಯ್ ಸೀ ಕೆಳಗೆ ನೋಡಿದಳು. ಮಾರ್ಲಿಸಳ ಕಿವಿ ಕೆಂಪಾಯಿತು. ಮಲಗಿದವರಿಗೆ ತೂಕವಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಅಕ್ಷರ ಬಿಡದೆ ಆಡಿಸುತ್ತೇನೆಂದು ಗಾರ್ಡಿಯ ಮುಖಕ್ಕೇ ಹೇಳಿದವಳು ಅವಳು, ಪುಸ್ತಕದವನು ಎದುರಿಗೇ ಕೂತಿದ್ದಾನೆ. ಹೀಗೆ ಮಾಡಿ, ಹಾಗೆ ಮಾಡಬೇಡಿ ಎನ್ನಲು ಅಂಬಿಗರಿಗೆ ಅಧಿಕಾರವಿಲ್ಲ. ತನ್ನ ಹಟವೇ ತನ್ನ ಬಾಯಿಗೆ ಬೀಗ ಹಾಕಿ ಕೂರಿಸಿತ್ತು. ಖಾಲಿ ಕುರ್ಚಿಯ ಬೆನ್ನಿನ ಟೋಪಿಯನ್ನು ನೋಡದಿರಲು ಅವಳು ಸರೋವರದ ಕಡೆಯ ಸಣ್ಣ ಕಿಟಕಿಯನ್ನು ನೋಡಿದಳು. ಅಲ್ಲಿ ಹಿಮ ಬಿಟ್ಟು ಏನೂ ಕಾಣುತ್ತಿರಲಿಲ್ಲ.

"ಏನು ಮಾಡ್ತೀರಿ?" ಎಂದಳು ಅಂಬಿಗರು ಕೇಳುವ ಹಾಗೆ. ದನಿ ಸ್ವಲ್ಪ ಒಡೆದಿತ್ತು.

ಲವಾನ್ ಕನ್ನಡಕ ತೆಗೆದಿಟ್ಟಳು. "ಜೋಲೀನ್, ನಾನೊಂದು ವರ್ಷ ಈ ದೋಣೀಲಿ ಮಲಗಿದ್ದೆ ಕಣಮ್ಮ. ಎದೆ ಕೊಯ್ದಿದ್ರು. ವಾಪಸ್ ಬರ್ತೀನೋ ಇಲ್ವೋ ಡಾಕ್ಟ್ರಿಗೇ ಗೊತ್ತಿರ್ಲಿಲ್ಲ. ಆಸ್ಪತ್ರೇಲಿ ವಾಂತಿ ಮಾಡ್ಕೊಂಡು ಬಿದ್ದಿರುವಾಗ, ಶನಿವಾರ ಮಧ್ಯಾಹ್ನ ಆಯ್ತು ಅಂದ್ರೆ ಅಂದ್ಕೋತಿದ್ದೆ, ಈಗ ಅಲ್ಲಿ ನನ್ನ ಪಾಲು ತೆಗೆದಿಡ್ತಿದಾರೆ ಅಂತ. ನಗು ಬರತ್ತೆ ಅಲ್ವಾ? ಅಂಗಿ ಗುಂಡಿ. ಅದನ್ನ ನೆನೆಸ್ಕೊಂಡೇ ಎದ್ದು ಕೂತೆ."

ಜೋಲೀನ್ ಟೋಪಿಯ ಕಡೆ ತಿರುಗಿ ನೋಡಿದಳು. ಅದು ಯಾಕೆ ಅಲ್ಲಿ ತೂಗುತ್ತಿದೆ ಎಂದು ಅವಳು ಇಷ್ಟು ದಿನ ಕೇಳಿಯೇ ಇರಲಿಲ್ಲ.

"ಹಂಗಾದ್ರೆ ಭಾರ ಅಂದ್ರೆ ಇನ್ನೊಂದೇ ಉಳಿದಿರೋದು" ಎಂದಳು ಮೆಲ್ಲಗೆ. "ಗಂಟೆ."

"ಹೂಂ" ಎಂದಳು ಲವಾನ್. ಆ ಗಂಟೆಗಾಗಿ ಅವಳ ಪಾತ್ರ ಒಂದು ಕೈಯನ್ನೇ ಕಳೆದುಕೊಂಡಿತ್ತು.

"ಇಳಿಸೋಣ ಅಂದೋಳು ನಾನು. ನೂಕೋದೂ ನಾನೇ ನೂಕ್ತೀನಿ." ಜೋಲೀನ್ ದಾಳ ಉರುಳಿಸಿದಳು. ಬೆಳ್ಳಿ ಗಂಟೆ ಒಂದು ಸಲ ಢಣ್ ಎಂದು ಹೊಳೆಯ ತಳಕ್ಕೆ ಹೋಯಿತೆಂದು ಮಾರ್ಲಿಸ್ ಹೇಳಿದಳು. ಹೇಳುತ್ತ ಅವಳ ಕಣ್ಣು ತುಂಬಿತು, ಅವಳು ಅದನ್ನು ಒರೆಸಿಕೊಳ್ಳಲೂ ಇಲ್ಲ. ದೋಣಿ ಕಡವು ದಾಟಿತು.

ಪ್ರೆಂಟಿಸ್ ಬನ್ನು ಮರೆತು ನೋಡುತ್ತಿದ್ದ. ಹೋಗುವಾಗ, "ಈ ಮಲಗೋ ನಿಯಮ ಎಲ್ಲಿಂದ ಬಂತು? ಮುಂದಿನ ಮುದ್ರಣದಲ್ಲಿ ಹಾಕ್ಲೇಬೇಕು" ಎಂದ. ಇಲ್ಲಿನ ಪದ್ಧತಿ ಅಷ್ಟೇ ಎಂದು ಮಾರ್ಲಿಸ್ ಅವನನ್ನು ಸಾಗಹಾಕಿದಳು.

ಏಪ್ರಿಲಿನಲ್ಲಿ ಹಿಮ ಕರಗುವ ಹೊತ್ತಿಗೆ ಗಾರ್ಡಿಯ ಪುಸ್ತಕ ಬಂತು. ಕ್ರೂಕೆಡ್ ಓರ್‌ನವರ ಕಂದು ರಟ್ಟು, ಮೇಲೆ ದಪ್ಪಕ್ಷರದಲ್ಲಿ 'ಗಾರ್ಡನ್ ಟೆಸ್ಕಿ'. ಮಾರ್ಲಿಸ್ ಊರಿನ ಅಂಗಡಿಗೆ ಹೋಗಿ, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಒಂದು ಪ್ರತಿ ಕೊಂಡಳು. ನಿಜ ಹೇಳಬೇಕೆಂದರೆ ಪುಸ್ತಕ ಚೆನ್ನಾಗಿತ್ತು. ಚೆನ್ನಾಗಿದೆ ಎಂಬುದಕ್ಕೇ ಅವಳಿಗೆ ಮೊದಲು ಹೊಟ್ಟೆ ಉರಿಯಿತು, ಆಮೇಲೆ ಹೆಮ್ಮೆಯಾಯಿತು. ಅದರಲ್ಲಿ ದೋಣಿಯಲ್ಲಿ ಮಲಗುವ ನಿಯಮವೂ ಇತ್ತು, ಬರದವರ ಪಾಲನ್ನು ತೆಗೆದಿಡತಕ್ಕದ್ದು ಎಂಬುದರ ಸಮೇತ.

ವಾರದೊಳಗೆ ಪ್ರೆಂಟಿಸ್ ಮತ್ತೆ ಬಂದಿಳಿದ. ಈ ಸಲ ದಪ್ಪ ಕೋಟಿತ್ತು. ಆ ಸೀಮೆಗೆ ಶುಕ್ರವಾರ ಮೀನಿನ ದಿನವಾದ್ದರಿಂದ ಮಾರ್ಲಿಸ್ ಮೀನು ಫ್ರೈ ತಿನ್ನುವ ಹೋಟೆಲಿನಲ್ಲಿದ್ದಳು, ಜೊತೆಗೆ ಮಾಯ್ ಸೀ. ಅವನು ಎದುರಿಗೆ ಕೂತು ಹೇಳಿದ್ದು ಇಷ್ಟು: ಮಲಗುವ ನಿಯಮ ಹುಟ್ಟಿದ್ದು ನಿಮ್ಮ ಮೇಜಿನಲ್ಲಿ, ನಿಮ್ಮ ಬಾಯಲ್ಲಿ. ಹಾಗೆಂದು ನೀವು ಒಂದು ಸಹಿ ಹಾಕಿ ನಮಗೆ ಕೊಟ್ಟರೆ ಅದು ನಮ್ಮ ಆವೃತ್ತಿಯದಾಗುತ್ತದೆ, ಕ್ರೂಕೆಡ್ ಓರ್‌ನವರು ಆ ಪುಸ್ತಕವನ್ನು ಅಂಗಡಿಗಳಿಂದ ವಾಪಸು ತರಿಸಿಕೊಳ್ಳಬೇಕಾಗುತ್ತದೆ.

"ಯಾವ ಪುಸ್ತಕ?" ಎಂದಳು ಮಾರ್ಲಿಸ್, ಗೊತ್ತಿದ್ದೂ.

"ಟೆಸ್ಕಿಯವರದ್ದು."

"ಸಹಿ ಹಾಕದಿದ್ರೆ?"

"ಮಿಲ್ವಾಕೀಲಿ ನಡುಮೇಜಿಗೆ ನಮ್ಮ ಪರ ಇರೋರೇ ಬೇಕು ಅಂತಾರೆ, ಮೇಲಿನೋರು." ಅವನಿಗೆ ಅದನ್ನು ಹೇಳಲು ನಾಚಿಕೆಯಾದದ್ದು ಕಾಣುತ್ತಿತ್ತು.

ಮಾರ್ಲಿಸ್ ಮೀನಿನ ಮೇಲೆ ನಿಂಬೆ ಹಿಂಡಿದಳು. ಮಿಲ್ವಾಕಿಯ ನಡುಮೇಜಿನ ಆಸೆ ಅವಳಿಗೆ ಇರಲಿಲ್ಲವೆಂದಲ್ಲ. ಕನ್ನಡಿಯ ಮುಂದೆ ನಿಂತು, ಅಲ್ಲಿಗೆ ಯಾವ ಅಂಗಿ ಹಾಕಿಕೊಳ್ಳಲಿ ಎಂದು ನೋಡಿಕೊಂಡದ್ದೂ ಇತ್ತು.

"ತಮ್ಮಾ, ಆ ನಿಯಮ ಬಂದಿದ್ದು ನನ್ನ ಬಾಯಿಂದ ಅಲ್ಲ. ಒಂದು ಖಾಲಿ ಕುರ್ಚಿಯಿಂದ. ಆ ಕುರ್ಚಿ ಖಾಲಿಯಾಗಿದ್ದು ಗಾರ್ಡಿಯ ಅಪ್ಪ ಸತ್ತಿದ್ದಕ್ಕೆ. ಅದರ ಮಾಲೀಕ ಬೇಕು ಅಂದ್ರೆ ಎಲ್ಮರ್ ಟೆಸ್ಕಿ ಅಂತ ಚರ್ಚಿನ ಹಿಂದೆ ಮಲಗಿದಾನೆ, ಹೋಗಿ ಅವನ ಸಹಿ ತಗೋ. ಇಲ್ಲಾ ಅಂದ್ರೆ ಸುಮ್ನೆ ನಿಮ್ಮ ಪುಸ್ತಕದಲ್ಲೂ ಹಾಕ್ಕೋ, ಅವರೂ ಹಾಕ್ಕೊಳ್ಳಲಿ. ಯಾರು ಎಲ್ಲಿ ಆಡಿದ್ರೂ ಬರದೇ ಇರೋರ ಪಾಲು ಇಟ್ಟಿದ್ರೆ ಸಾಕು. ಆ ಮೇಜಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಪ್ರೆಂಟಿಸ್ ಸಹಿಯ ಕಾಗದವನ್ನು ಮಡಚಿ ಜೇಬಿಗಿಟ್ಟು, "ಹಾಗೇ ಹೇಳ್ತೀನಿ" ಎಂದ. ಆಮೇಲೆ ತಾನೂ ಒಂದು ಪ್ಲೇಟು ಮೀನು ತರಿಸಿಕೊಂಡ. ಕೆಟ್ಟವನಲ್ಲ, ಪಾಪ. ಅವನ ಕಂಪನಿ ಮುಂದೆ ನಿಯಮವನ್ನು ಹಾಕಿಕೊಂಡಿತು, ಗಾರ್ಡಿಯ ಪುಸ್ತಕವೂ ಅಂಗಡಿಯಲ್ಲೇ ಉಳಿಯಿತು.

ಮಾಯ್ ಸೀ ಎಲ್ಲವನ್ನೂ ಕೇಳಿಸಿಕೊಂಡು ಆಲೂಗಡ್ಡೆ ತಿನ್ನುತ್ತಿದ್ದಳು. ದೋಣಿಯ ಸುದ್ದಿ ಆಡಬಾರದು, ಸರಿ. ಮೀನಿನ ಹೋಟೆಲಿನ ಸುದ್ದಿಗೆ ಅಂಥ ಕಟ್ಟುಪಾಡೇನೂ ಇಲ್ಲವೆಂದು ಅವಳು ತೀರ್ಮಾನಿಸಿದಳು. ಮನೆಗೆ ಹೋಗುವ ದಾರಿಯಲ್ಲೇ ಕಾರು ನಿಲ್ಲಿಸಿ ಗಾರ್ಡಿಗೆ ಫೋನು ಹಚ್ಚಿದಳು.

ಮರುದಿನ ಮಧ್ಯಾಹ್ನ ಆಟ ನಡೆಯುತ್ತಿರುವಾಗ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿಸಿತು, ಒಂದು ಕಾಲು ಎಳೆದುಕೊಂಡು. ಮಂಡಿನೋವು ಗಾರ್ಡಿಯನ್ನು ಅಷ್ಟರಲ್ಲಿ ಉಲ್ಮನ ಹಾಗೇ ಕುಂಟುವಂತೆ ಮಾಡಿತ್ತು. ಕೈಯಲ್ಲಿ ಕಾರ್ಖಾನೆಯ ತಾಜಾ, ಇನ್ನೂ ಬಿಸಿಯಾರದ ಚೀಸ್ ತುಣುಕುಗಳ ಚೀಲ. ಬಾಗಿಲಲ್ಲಿ ನಿಂತವನು ಮುಂದೆ ಬರಲಿಲ್ಲ, ಹಿಂದೆಯೂ ಹೋಗಲಿಲ್ಲ. ಮಾರ್ಲಿಸ್ ತಲೆಯೆತ್ತಿದಳು.

ಜೋಲೀನಳಿಗೆ ಅವನ ಗುರುತಿಲ್ಲ. "ಯಾರು ಬೇಕಾಗಿತ್ತು?" ಎಂದಳು.

ಮಾರ್ಲಿಸ್ ಗಾರ್ಡಿಯನ್ನು ಮಾತಾಡಿಸಲಿಲ್ಲ. ಮೇಜಿನ ಕಡೆ ತಿರುಗಿ, ಅಂಬಿಗರ ದನಿಯಲ್ಲಿ, "ದೋಣಿ ಒಂದು ಬಂಡೆಗೆ ತಾಗಿ ಕುಲುಕ್ತು. ಹಿಂದುಗಡೆ ಕಂಬಳಿ ಅಲ್ಲಾಡ್ತು. ಯಾರೋ ಎದ್ದ ಹಾಗಿದೆ" ಎಂದಳು.

ಗಾರ್ಡಿ ಬಂದು, ತನ್ನ ಟೋಪಿಯನ್ನು ಕುರ್ಚಿಯ ಬೆನ್ನಿನಿಂದ ತೆಗೆದು, ಒಂದು ಸಲ ಕೊಡವಿ ತಲೆಗಿಟ್ಟುಕೊಂಡು ಕೂತ. ಕೆಮ್ಮಿದ.

"ನನ್ನ ಪಾಲೆಷ್ಟು?"

ಗಂಟೆ ಹೋದಮೇಲೆ ದೋಣಿಗೆ ಬೇರೆ ಗಳಿಕೆಯಿರಲಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಮೇಜಿನಲ್ಲಿ ಎದ್ದವನಿಗೆ ಕೊಡಲು ಏನೂ ಇರಲಿಲ್ಲ. ಕೊನೆಗೆ ಜೋಲೀನ್ ಬಾಯಿ ಬಿಟ್ಟಳು.

"ಓ, ಆ ಸನ್ಯಾಸಿ ನೀವೇನಾ? ನಿಮ್ಮ ಪಾಲಿಲ್ಲ. ಹೊಳೆ ತಳದಲ್ಲಿದೆ. ಸುಂಕದೋರು ಬೆನ್ನು ಹತ್ತಿದ್ರು, ದೋಣಿ ಭಾರ ಆಗಿತ್ತು. ನೀವೋ ಗಂಟೆಯೋ ಅಂತ ಬಂತು. ಗಂಟೆ ನೂಕಿದ್ವಿ."

"ಆ ಬೆಳ್ಳಿ ಗಂಟೇನಾ?" ಗಾರ್ಡಿ ಲವಾನಳನ್ನು ನೋಡಿದ. "ನಿನ್ನ ಹರಕೆ..."

"ನನ್ನ ಗಂಟೆ, ನಾನೇ ಹೂಂ ಅಂದೆ. ಚೀಸ್ ಈ ಕಡೆ ಕೊಡು, ಬಿಸಿ ಆರೋದ್ರೊಳಗೆ."

ಗಾರ್ಡಿ ಚೀಲವನ್ನು ದೂಡಿ, ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದ. ಆಮೇಲೆ ಜೇಬಿನಿಂದ ಹಳೆಯ ದಾಳ ತೆಗೆದು ಅಂಗೈಯಲ್ಲಿ ಕುಲುಕಿದ. "ಉಲ್ಮ್ ಹುಟ್ಟು ಹಿಡಿದು ದೋಣೀನ ಬಂಡೆಯಿಂದ ಬಿಡಿಸ್ತಾನೆ. ಯಾವ ಪುಸ್ತಕದ ಪ್ರಕಾರ ಹಾಕ್ಲಿ, ಮಾರ್ಲಿಸ್?"

"ಮೊದ್ಲು ದಾಳ ಹಾಕೋ. ಜಗಳ ಆಮೇಲೆ ಆಡೋಣ. ಟೈಮಿದೆ."

ದಾಳ ಉರುಳಿ, ಬನ್ನಿನ ತಟ್ಟೆಗೆ ಬಡಿದು ನಿಂತಿತು. ಒಂದು. 'ಹಳೆಯ ಹೊಳೆ'ಯಲ್ಲಿ ನೋಡಿ, ಹೊಸ ಆವೃತ್ತಿಯಲ್ಲಿ ನೋಡಿ, ಒಂದು ಬಿದ್ದರೆ ಕಾಲು ಜಾರಿ ನೀರಿಗೆ ಬಿದ್ದ ಹಾಗೇ. ಎರಡೂ ಕಂಪನಿಗಳು ಒಪ್ಪಿದ್ದು ಬಹುಶಃ ಅದೊಂದೇ ವಿಷಯ. ಗಾರ್ಡಿ ಹಣೆ ಚಚ್ಚಿಕೊಂಡ. ಮಾರ್ಲಿಸ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು, ಮೇಲಿನ ಚರ್ಚಿನವರೆಗೂ ಕೇಳುವ ಹಾಗೆ.

"ಎದ್ದೋನು ಎದ್ದ ಹಾಗೇ ನೀರಿಗೆ ಬಿದ್ದ" ಎಂದಳು, ಉಸಿರು ಸಿಕ್ಕಮೇಲೆ. "ಸೆಳವು ಜೋರಾಗಿದೆ. ಏನು ಮಾಡ್ತೀರಿ?"

ಜೋಲೀನ್ ಆಗಲೇ ದಾಳ ಕೈಗೆತ್ತಿಕೊಂಡಿದ್ದಳು.

"ನಾನು ಹಗ್ಗ ಎಸೀತೀನಿ" ಎಂದಳು.